ತುಂಗೆಯ ಅವ್ವ

ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್, ಟಿಕ್.

ಹಲ್ಲಿ ಲೊಚಗುಟ್ಟಿದ್ದಲ್ಲ, ಗಡಿಯಾರವೂ ಅಲ್ಲ. ಗೋಡೆಯಾಚೆ ಮಗಳ ಕೋಣೆಯಲ್ಲಿ ಯಾರೋ ಮೌಸ್ ಒತ್ತುತ್ತಿದ್ದರು. ಮೊಬೈಲ್ ನೋಡಿದೆ. ಎರಡು ಗಂಟೆ ಏಳು ನಿಮಿಷ.

ನಮ್ಮ ಮನೆಗೆ ಇಂಟರ್‌ನೆಟ್ ಬಂದು ಆಗ ಐದು ತಿಂಗಳಾಗಿತ್ತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಪುಕ್ಕಟೆ, ಉಳಿದ ಹೊತ್ತು ಅಳತೆಯ ಮೇಲೆ. ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಎರಡು ಗಂಟೆಗೆ ದಿಂಬಿನ ಕೆಳಗೆ ಅಲಾರಂ ಇಟ್ಟುಕೊಂಡು ಏಳುವ ಮಕ್ಕಳಿದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು. ನನ್ನ ಮಾವ ಬದುಕಿದ್ದರೆ ಮೊಮ್ಮಗಳು ನಡುರಾತ್ರಿಯ ತಹಜ್ಜುದ್ ನಮಾಜಿಗೆ ಎದ್ದಿದ್ದಾಳೆಂದು ಹಿಗ್ಗುತ್ತಿದ್ದರು.

ನಾನು ಎದ್ದು ಹೋಗಿ ಬೈಯಬೇಕೆಂದೇ ಕಾಲು ಕೆಳಗಿಟ್ಟೆ. ಅಷ್ಟರಲ್ಲಿ ಅವಳು ನಕ್ಕಳು. ಬಾಯಿಗೆ ಓಢಣಿ ಒತ್ತಿಕೊಂಡು, ತಡೆಯಲಾರದೆ ಮೂಗಿನಿಂದ ಹೊರಬಿದ್ದ ನಗು. ಹದಿನೇಳು ವರ್ಷ ಸಾಕಿದ ಮಗಳ ಆ ನಗು ನನಗೆ ಪರಿಚಯವೇ ಇರಲಿಲ್ಲ. ನನ್ನ ಜೊತೆ ಅವಳು ಹಾಗೆ ಒಮ್ಮೆಯೂ ನಕ್ಕಿರಲಿಲ್ಲ. ಬೈಯುವುದು ಮರೆತೆ. ಆ ನಗೆಯನ್ನು ಯಾರು ಪಡೆದುಕೊಂಡರು ಎಂಬುದೊಂದೇ ನನಗೆ ಬೇಕಾಯಿತು.

ಬಾಗಿಲ ಸಂದಿನಿಂದ ನೋಡಿದೆ. ಪರದೆಯ ಮೇಲೆ ಒಂದು ಗುಡ್ಡ, ಹರಕು ಕೋಟೆ. ಬಿಳಿ ಬಟ್ಟೆಯ ಹೆಣ್ಣೊಬ್ಬಳು ಕೋಲು ಹಿಡಿದು ನಿಂತಿದ್ದಳು. ಮಗಳ ಮೌಸ್ ಸರಿದ ಕಡೆಗೆ ತಿರುಗುತ್ತಿದ್ದ ಅವಳ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ತುಂಗೆ’ ಎಂದಿತ್ತು. ಅವಳ ಮುಂದೆ ಗೂಳಿಯಂಥ ಕುತ್ತಿಗೆಯ, ಮೈತುಂಬ ಕಲ್ಲಿನ ಕವಚ ತೊಟ್ಟ ಆಳು. ಅವನ ಹೆಸರು ‘ಕಲ್ಲುಬಸವ’. ಕೆಳಗೆ ಸಾಲು ಸಾಲು ಮಾತುಗಳು ಏರುತ್ತಿದ್ದವು. ಭಾಷೆ ಕನ್ನಡ, ಅಕ್ಷರ ಇಂಗ್ಲಿಷಿನವು. ಬಿಳಿ ಸಾಲುಗಳನ್ನು ಓದಬಹುದಿತ್ತು. ‘ಬಸವ, ನೀವು ಮುಂದ ನಿಲ್ರಿ. ನಾ ಹಿಂದ ಅದೀನಿ.’ ನಡುನಡುವೆ ಅವರಿಬ್ಬರ ಗುಟ್ಟಿನ ಮಾತೆಂಬಂತೆ ನೇರಳೆ ಬಣ್ಣದ ಸಾಲುಗಳೂ ಬರುತ್ತಿದ್ದವು. ಅವು ಸಣ್ಣ ಅಕ್ಷರದವು, ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಪ್ರತಿ ನೇರಳೆ ಸಾಲು ಬಂದಾಗಲೂ ಅವಳ ಭುಜ ಅಲುಗುತ್ತಿತ್ತು.

ಬೆಳಿಗ್ಗೆ ದೋಸೆ ಹಾಕುತ್ತ ಕೇಳಿದೆ. “ರಾತ್ರಿ ಎದ್ದಿದ್ದಿ ಏನು, ಫರ್ಹತ್?”

“ಫಿಸಿಕ್ಸ್ ಓದಾಕತ್ತಿದ್ದೆ, ಮಮ್ಮಿ.”

“ಫಿಸಿಕ್ಸ್ ನಗಸ್ತೈತೇನು?”

ಅಶ್ಫಾಕ್, ನನ್ನ ಗಂಡ, ಚಟ್ನಿಯಲ್ಲಿ ದೋಸೆ ಅದ್ದುತ್ತ ಹೇಳಿದರು. “ನನ್ನ ಕಾಲದಾಗ ಅದು ಅಳಸ್ತಿತ್ತು. ಈಗ ನಗಸ್ತೈತಿ ಅಂದ್ರ ಚಲೋನ ಆತಲ್ಲ, ಸಾಜಿಯಾ.”

ಇವರಿಗೆ ಎಲ್ಲವೂ ಹೀಗೆಯೇ. ಅದಿರು ಸಾಗಿಸುವ ಎರಡು ಟಿಪ್ಪರ್ ಕೊಂಡ ಮೇಲೆ ವಾರದಲ್ಲಿ ನಾಲ್ಕು ದಿನ ಗಣಿಯ ಕಡೆಯೇ ಇರುತ್ತಿದ್ದರು. ಮನೆಗೆ ಬಂದಾಗ ಕಿವಿಯ ಹಿಂದೆ, ಹುಬ್ಬಿನಲ್ಲಿ ಕೆಂಪು ಧೂಳು. ಪಾರ್ವತಿನಗರದ ಬಾಡಿಗೆ ಮನೆ, ಮಗಳಿಗೆ ಕಂಪ್ಯೂಟರ್, ಎಲ್ಲ ಎರಡೇ ವರ್ಷದಲ್ಲಿ ಬಂದದ್ದು. ಬಂದದ್ದನ್ನು ಅನುಮಾನಿಸುವ ಸ್ವಭಾವ ಅವರದಲ್ಲ. ನನ್ನದು.

ಫರ್ಹತ್ ಕಾಲೇಜಿಗೆ ಹೋದ ಮೇಲೆ ನಾನು ಆಟದ ವಿಷಯ ಎತ್ತಿದೆ. ಹೀಗೆ ಆಡಿ ಮಕ್ಕಳು ಊಟ ನಿದ್ರೆ ಬಿಟ್ಟದ್ದು ಪೇಪರಿನಲ್ಲಿ ಬಂದಿತ್ತು, ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ.

“ನಮ್ಮ ಡ್ರೈವರ್ ಜಂಬಣ್ಣನ ಮಗ ಇಸ್ಪೀಟು ಆಡಿ ಅವರಪ್ಪನ ಗಾಡೀನ ಮಾರಿದ,” ಅಂದರು. “ಇಕಿ ಮನ್ಯಾಗ ಕುಂತು ರಾಕ್ಷಸರನ ಕೊಲ್ತಾಳ. ಕೊಲ್ಲಲಿ ಬಿಡು.”

“ಕೊಲ್ಲೂದಿಲ್ಲ. ಹಿಂದ ನಿಂತು ಬ್ಯಾರೇದವರ ಗಾಯ ಮಾಯಿಸ್ತಾಳ.”

“ನೋಡಿದೇನು? ಡಾಕ್ಟರ್ ಆಗ್ತಾಳ!”

ಆಟ ಒಂದು ಚಟವೇ ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಲೆಕ್ಕವಿಟ್ಟು ನೋಡಿದೆ. ಕಣ್ಣ ಕೆಳಗೆ ಕಪ್ಪು ಬಂದಿತ್ತು, ನಿಜ. ಆದರೆ ಅರ್ಧವಾರ್ಷಿಕದಲ್ಲಿ ಗಣಿತದ ಅಂಕ ಏರಿತ್ತು. ಸಿಡುಕು ಕಡಿಮೆಯಾಗಿತ್ತು. ಮೊದಲು ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಈಗ ಟ್ಯೂಷನ್ನಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾಳೆಂದು ಮೇಷ್ಟರೇ ಹೇಳಿದರು. ಯಾರೋ ನನ್ನ ಮಗಳನ್ನು ತಿದ್ದುತ್ತಿದ್ದರು. ನಾನು ಹದಿನೇಳು ವರ್ಷ ತಿದ್ದಿಯೂ ಆಗದಿದ್ದದ್ದು ಐದು ತಿಂಗಳಲ್ಲಿ ಆಗಿತ್ತು. ಆಟದ ಮೇಲೆ ಹೊರಿಸಲು ನನ್ನ ಬಳಿ ಒಂದು ತಪ್ಪೂ ಉಳಿಯಲಿಲ್ಲ. ಹೊಟ್ಟೆಯುರಿ ಉಳಿಯಿತು.

ಅವಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಫೋನ್ ನಂಬರ್ ಸಿಕ್ಕಿತು. ಪಕ್ಕದಲ್ಲಿ ‘ಕಲ್ಲುಬಸವ’. ಕೋಡ್ ನೋಡಿದರೆ ಕುರುಗೋಡಿನದು. ಕುರುಗೋಡಿನಲ್ಲಿ ಮನೆಗಿಂತ ಎತ್ತರದ ಕಲ್ಲಿನ ಬಸವಣ್ಣ ಇರುವುದು ಯಾರಿಗೆ ಗೊತ್ತಿಲ್ಲ? ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಡಯಲ್ ಮಾಡಿದೆ.

“ನೆಟ್ ಸೆಂಟರ್ ರೀ,” ಎಂದಿತು ಒಂದು ವಯಸ್ಸಾದ ಗಂಡುದನಿ.

“ಕಲ್ಲುಬಸವ ಅಂದ್ರ ಯಾರ್ರಿ?”

ಅವರು ನಕ್ಕರು. “ನಮ್ಮ ಸೆಂಟರಿನ ಹೀರೋರೀ. ಊಟ ಮಾಡಿ ಮಕ್ಕೊಂಡಾರ. ನಾಕಕ್ಕ ಏಳ್ತಾರ. ಏನು ಹೇಳ್ಲಿ?”

ಫೋನ್ ಇಟ್ಟುಬಿಟ್ಟೆ. ಹೀರೋ. ಉಂಡು ಮಧ್ಯಾಹ್ನ ಮಲಗುವ, ಕೆಲಸವಿಲ್ಲದ, ನೆಟ್ ಸೆಂಟರಿನ ಹುಡುಗ. ಅವನ ಮೀಸೆಯನ್ನೂ, ಹೊಸ ಹಣದ ಬೈಕನ್ನೂ ನಾನೇ ಮನಸ್ಸಿನಲ್ಲಿ ಮಾಡಿಕೊಂಡೆ. ಗಂಡನಿಗೆ ಹೇಳಲಿಲ್ಲ. ಖುದ್ದು ನೋಡದೆ ಮಾತಾಡುವವಳಲ್ಲ ನಾನು. ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಒಂದು ಶನಿವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಬರುವಾಗ ನಡುವೆ ಇಳಿದು ಕುರುಗೋಡು ನೋಡಿಕೊಂಡು ಬಂದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ನನ್ನ ಯೋಚನೆ.

ಸಿರುಗುಪ್ಪದಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ಅಕ್ಕಿ ಮಿಲ್ಲುಗಳ ತೌಡಿನ ವಾಸನೆ ಬಸ್ ಸ್ಟ್ಯಾಂಡಿನವರೆಗೂ ಬರುತ್ತಿತ್ತು. ನಮ್ಮವರು ಪಿಂಜಾರರು. ಅಪ್ಪ ಇಮಾಮಹುಸೇನ್ ಈಗಲೂ ಜಗಲಿಯ ಮೇಲೆ ಗಾದಿ ಹೊಲಿಯುತ್ತಾರೆ. ಅವ್ವ ರಹೀಮಾಬೀಗೆ ಮುಖ ನೋಡಿದರೆ ಸಾಕು.

“ಯಾಕ, ಮಾರಿ ಸುಟ್ಟ ಬದನೀಕಾಯಿ ಆಗೇತಲ್ಲ?” ಅಂದಳು. “ಅಳಿಯ ಏನರ ಅಂದನೇನು?”

“ಇಲ್ಲವ್ವ. ಫರ್ಹತ್ ಕಂಪ್ಯೂಟರಿನಾಗ ಆಟಕ್ಕ ಬಿದ್ದಾಳ.”

“ಇಷ್ಟನಾ! ನೀ ಚೌಕಾಬಾರಾ ಆಡ್ಕೋಂತ ಎಷ್ಟು ಸಲ ಅನ್ನ ಹೊತ್ತಿಸಿದ್ದಿ, ಹೇಳ್ಲೇನು?”

“ಆಟ ಅಲ್ಲವ್ವ. ಅದರಾಗ ಯಾರೋ ಅದಾರ. ಅವರು ಹೇಳಿದ್ದ ಖರೆ ಅಕಿಗೆ. ನಾ ಹೇಳಿದ್ದು ಕಿವಿಗೇ ಹೋಗೂದಿಲ್ಲ.”

ಅವ್ವ ಎಲೆಗೆ ಸುಣ್ಣ ಸವರುತ್ತಿದ್ದವಳು ನಿಲ್ಲಿಸಿದಳು. “ನೀ ಬಳ್ಳಾರಿ ಹಾಸ್ಟೆಲಿನಾಗ ಇದ್ದಾಗ ಆ ವಾರ್ಡನ್ ಮಾರೆಮ್ಮನ ಹೆಸರು ದಿನಕ್ಕ ನೂರು ಸಲ ಹೇಳ್ತಿದ್ದಿ. ‘ಅಕ್ಕ ಹಂಗಂದ್ಲು, ಅಕ್ಕ ಹಿಂಗಂದ್ಲು.’ ರಜಾಕ್ಕ ಬಂದ್ರೂ ಆಕಿಗೆ ಪತ್ರ ಬರಕೋತ ಕುಂದ್ರತಿದ್ದಿ. ನನಗ ಹೊಟ್ಟಿ ಉರೀಲಿಲ್ಲಂತ ತಿಳದಿ ಏನು?”

“ನೀ ಒಂದು ದಿನಾನೂ ಹೇಳ್ಲಿಲ್ಲಲ್ಲ.”

“ಹೇಳಿ ಏನು ಮಾಡ್ಲಿ? ಆಕಿ ನಿನ್ನ ಓದಸಾಕತ್ತಿದ್ಲು. ನನಗ ಓದು ಬರತಿದ್ದಿಲ್ಲ.” ಎಲೆಯನ್ನು ಮಡಿಚಿ ಬಾಯಿಗಿಟ್ಟಳು.

ಹೆತ್ತವಳನ್ನು ನಾನು ಅವ್ವ ಎನ್ನುತ್ತೇನೆ. ಫರ್ಹತ್ ಮಾತು ಕಲಿಯುವಾಗ ನನ್ನನ್ನೂ ಹಾಗೆಯೇ ಕರೆದಿದ್ದಳು. ಇಂಗ್ಲಿಷ್ ಶಾಲೆಗೆ ಸೇರಿಸುವ ಮುಂಚೆ ನಾನೇ ಒಂದು ತಿಂಗಳು ಬಿಡದೆ ತಿದ್ದಿ ‘ಮಮ್ಮಿ’ ಮಾಡಿಸಿದ್ದೆ. ಅವ್ವ ಅಂದರೆ ನಾನು ತಿರುಗಿ ನೋಡುತ್ತಿರಲಿಲ್ಲ. ಮೂರು ವರ್ಷದ ಮಗು ಅತ್ತು, ಕಡೆಗೆ ಕಲಿಯಿತು.

ಮರುದಿನ ಹೊರಡುವಾಗ ಅವ್ವ ಎಂದಿನಂತೆ ಉಡಿ ತುಂಬಿದಳು. ತವರಿನಿಂದ ಮಗಳು ಬರಿಯ ಸೆರಗಿನಲ್ಲಿ ಹೋಗಬಾರದು. ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ನಾನು ಅದನ್ನು ಗಂಟು ಕಟ್ಟಿ ಚೀಲದಲ್ಲಿಟ್ಟುಕೊಂಡು, ಬಳ್ಳಾರಿ ಬಸ್ಸು ಹತ್ತಿ, ನಡುವೆ ಕ್ರಾಸಿನಲ್ಲಿ ಇಳಿದು, ಟಂಟಂ ಆಟೊ ಹಿಡಿದು ಕುರುಗೋಡಿಗೆ ಹೋದೆ.

ಸೆಂಟರ್ ಹುಡುಕುವುದು ಕಷ್ಟವಾಗಲಿಲ್ಲ. ಬೋರ್ಡಿನ ಮೇಲೆ ‘ಟೈಪಿಂಗ್ ಕ್ಲಾಸ್’ ಎಂಬುದು ಅರ್ಧ ಮಾಸಿ, ಅದರ ಮೇಲೆಯೇ ‘ಇಂಟರ್‌ನೆಟ್, ಜೆರಾಕ್ಸ್’ ಎಂದು ಬರೆದಿದ್ದರು. ಮುಂದೆ ಧೋತರದ ಹಿರಿಯರೊಬ್ಬರು ರೀಚಾರ್ಜ್ ಕೂಪನ್ನುಗಳ ಕಟ್ಟು ಇಟ್ಟುಕೊಂಡು ಕುಳಿತಿದ್ದರು. ಫೋನಿನಲ್ಲಿ ಕೇಳಿದ ದನಿಯನ್ನು ಗುರುತಿಸಿದೆ.

“ಇಲ್ಲಿ ಟೈಪಿಂಗ್ ಕಲಿಸ್ತೀರೇನ್ರಿ? ನನ್ನ ಮಗಳಿಗೆ ಕೇಳಾಕ ಬಂದೆ.”

“ಟೈಪಿಂಗ್ ಈಗ ಯಾರು ಕಲೀತಾರವ್ವ? ಈಗ ಎಲ್ಲಾರೂ ಯುದ್ಧ ಕಲ್ಯಾಕ ಬರ್ತಾರ.” ಅವರು ಕತ್ತು ತಿರುಗಿಸಿ ಕೂಗಿದರು. “ಏ ಕಲ್ಲುಬಸವ! ನಿನಗ ಖರೇ ಶಿಷ್ಯಾರು ಬಂದಾರ ನೋಡು!”

“ನಿಮ್ಮ ಬಾಯಿಗೆ ಬೀಗ ಇಲ್ಲೇನ್ರಿ? ಒಳಗ ಕಳಸ್ರಿ ಅವರನ್ನ,” ಎಂದು ಒಳಗಿನಿಂದ ಬಂದದ್ದು ಹೆಣ್ಣುದನಿ.

ಪರದೆಗಳ ಸಾಲಿನ ಕೊನೆಯಲ್ಲಿ ಐವತ್ತೈದರ ಹೆಂಗಸು ಕುಳಿತಿದ್ದರು. ಹಣೆಯಲ್ಲಿ ಮೂರು ಬೆರಳ ವಿಭೂತಿ, ದಾರ ಕಟ್ಟಿದ ಕನ್ನಡಕ. ನನ್ನ ಕಡೆ ನೋಡಿ ನಗುತ್ತಿದ್ದರೂ ಬೆರಳುಗಳು ಕೀಲಿಗಳ ಮೇಲೆ ತಾವಾಗಿಯೇ ಓಡುತ್ತಿದ್ದವು. ಎದುರಿನ ಪರದೆಯಲ್ಲಿ ಕಲ್ಲಿನ ಕವಚದ ಗೂಳಿ ನಿಂತು ಉಸಿರಾಡುತ್ತಿತ್ತು.

“ಬರ್ರಿ ಬರ್ರಿ. ಬಿಸಲಾಗ ಬಂದೀರಿ. ಕುಂದರ್ರಿ. ನಾ ದಾಕ್ಷಾಯಣಮ್ಮ. ಹೊರಗ ಕುಂತು ಜಗಳಾ ಹಚ್ಚೋರು ನಮ್ಮ ಮನಿಯವರು, ತಿಪ್ಪೇರುದ್ರಪ್ಪ.”

ನನಗೆ ನೆಮ್ಮದಿಯಾಗಬೇಕಿತ್ತು. ಮೀಸೆಯಿಲ್ಲ, ಬೈಕಿಲ್ಲ, ಹುಡುಗನೇ ಇಲ್ಲ. ಆದರೆ ಆಗಲಿಲ್ಲ. ಹುಡುಗನಾಗಿದ್ದರೆ ಬೈಯಬಹುದಿತ್ತು, ಗಂಡನನ್ನು ಕರೆದು ತರಬಹುದಿತ್ತು. ವಯಸ್ಸಿನ ಹುಚ್ಚು, ಇಳಿಯುತ್ತದೆ ಎಂದು ಸುಮ್ಮನಿರಲೂಬಹುದಿತ್ತು. ನನ್ನ ಜಾಗದಲ್ಲಿ ಬಂದು ಕುಳಿತ ಇನ್ನೊಬ್ಬ ಹೆಂಗಸನ್ನು ಯಾವ ಹೆಸರಿಟ್ಟು ಬೈಯಲಿ?

“ಈ ಆಟ ಹೆಂಗ ಹತ್ತಿತ್ರಿ ನಿಮಗ?” ಎಂದು ಕೇಳಿದೆ.

“ನಾಕು ಹುಡುಗರು ಬಂದು ಆಡ್ತಿದ್ರು. ಅವರು ಬರೆಯೋ ಸ್ಪೆಲಿಂಗ್ ನೋಡಿ ನನಗ ತಲಿ ಕೆಟ್ಟಿತು. ತಿದ್ದಾಕ ಕುಂತೆ, ಎದ್ದೇಳಾಕ ಆಗ್ಲಿಲ್ಲ.” ನಕ್ಕರು. “ಮಕ್ಕಳ ಫಲ ಇಲ್ಲ ನನಗ. ಇಪ್ಪತ್ತಾರು ವರ್ಷ ಊರ ಮಕ್ಕಳ ಬೆರಳು ಹಿಡದು ಟೈಪ್ ಕಲಿಸೀನಿ. ಮಷೀನು ಹ್ವಾದವು, ಮಕ್ಕಳೂ ಹ್ವಾದ್ರು. ಇದರಾಗ ಮತ್ತ ಸಿಕ್ಕರು.”

“ರಾತ್ರಿ ಎರಡಕ್ಕ ಏಳ್ತಾಳ್ರೀ!” ಎಂದು ಹೊರಗಿನಿಂದ ತಿಪ್ಪೇರುದ್ರಪ್ಪ ದೂರಿದರು. “ನಾ ಎದ್ದು ಒಂದು ಲೋಟ ನೀರು ಕೊಡು ಅಂದ್ರ, ‘ತಡೀರಿ, ಕೋಟಿ ಮುತ್ಯಾರ’ ಅಂತಾಳ.”

“ಚಟ ಅಲ್ಲೇನ್ರಿ ಇದು?” ನನ್ನ ದನಿ ಸ್ವಲ್ಪ ಹರಿತವಾಗಿಯೇ ಬಂತು.

“ಚಟಾನ. ಸುಳ್ಳ್ಯಾಕ ಹೇಳ್ಲಿ?” ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಸಾಲಿ ತಪ್ಪಿಸಿ ಬಂದ್ರಂತ ಮೂರು ಹುಡುಗರನ್ನ ನಾನ ಹೊರಗ ಹಾಕೀನಿ. ಒಬ್ಬ ಇನ್ನೂ ಸುಧಾರಿಸಿಲ್ಲ, ಬ್ಯಾರೆ ಸೆಂಟರಿಗೆ ಹೋಗ್ತಾನ. ಆದ್ರ ಒಂದು ಹುಡುಗಿ ಐತಿ ನೋಡ್ರಿ, ಬಳ್ಳಾರಿದು. ತುಂಗೆ ಅಂತ ಹೆಸರಿಟ್ಕೊಂಡೈತಿ. ಖರೇ ಹೆಸರು ನಾ ಕೇಳಿಲ್ಲ, ಫೋನ್ ನಂಬರೂ ಕೇಳಿಲ್ಲ. ಮಂದಿ ಹುಡುಗ್ಯಾರು, ನಮಗ್ಯಾಕ? ನಮ್ಮ ನಂಬರ್ ಕೊಟ್ಟೀನಿ, ಏನರ ತ್ರಾಸ ಆದ್ರ ಮಾಡ್ಲಿ ಅಂತ.”

ನಾನು ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡೆ.

“ಮೊದಲು ಬಂದಾಗ ಬರೇ ಮುಂದ ಓಡಿ ಸಾಯತಿತ್ತು. ಹಿಂದ ನಿಂತು ನೋಡೂದು ಕಲಿ ಅಂದೆ. ಈಗ ಹದಿನೈದು ಮಂದೀನ ಅಕೀ ಒಬ್ಬಾಕೀನ ಬದುಕಿಸ್ತಾಳ. ಯಾರಿಗೆ ಎಷ್ಟು ಗಾಯ ಆಗೈತಿ, ಯಾರು ಇನ್ನಷ್ಟು ತಾಳ್ತಾರ, ಎಲ್ಲಾ ಅಕಿ ಕಣ್ಣಾಗ ಇರತೈತಿ. ನಾ ಒಂದು ಕರಾರು ಹಾಕೀನಿ. ಹತ್ತು ಲೆಕ್ಕ ಮಾಡಿ ಉತ್ತರ ಕಳಸಬೇಕು, ಆಮ್ಯಾಲ ಕೋಟಿಗೆ ಹೋಗೂದು. ಗಣಿತ ನನಗೂ ಬರಂಗಿಲ್ಲ. ಪುಸ್ತಕದ ಹಿಂದಿನ ಹಾಳ್ಯಾಗಿನ ಉತ್ತರ ನೋಡಿ ಟಿಕ್ ಹಾಕ್ತೀನಿ.”

“ಅಕಿಗೆ ತಾಯಿ ಇಲ್ಲೇನ್ರಿ?”

“ಅದಾರ. ಬಾಳ ಓದಿದಾರಂತ.” ದನಿ ತಗ್ಗಿಸಿದರು. “ಏನು ಮಾತಾಡಿದ್ರೂ ಆ ಮಾತಿನಾಗ ತಪ್ಪು ಹುಡುಕತಾರಂತ. ‘ಮಮ್ಮಿ ಮುಂದ ಬಾಯಿ ತೆಗಿಯೋದಂದ್ರ ಪರೀಕ್ಷಾ ಬರದಂಗ ಅವ್ವ’ ಅಂತಾಳ ನನ್ನ ಮುಂದ. ಪಾಪ, ಆ ತಾಯೀನೂ ಕೆಟ್ಟಾಕಿ ಇರಾಕಿಲ್ರಿ. ಕಾಳಜಿ ಹೆಚ್ಚಾದ್ರ ಹಂಗ ಆಗತೈತಿ. ‘ಹೋಗಿ ಅವರ ಮುಂದ ಹೇಳು, ನನ್ನ ಮುಂದ ಯಾಕ ಹೇಳ್ತಿ’ ಅಂತ ದಿನಾ ಬಡಕೋತೀನಿ. ಕೇಳಬೇಕಲ್ಲ?”

ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಪರವಾಗಿ ಮಾತಾಡಿದರು. ಅವ್ವ ಎನ್ನಿಸಿಕೊಂಡವರು, ಮಮ್ಮಿಯ ಮೇಲೆ ಕನಿಕರ ತೋರಿಸಿದರು.

“ನೀವು ಕುಂದರ್ರಿ, ಚಾ ತರ್ತೀನಿ,” ಎಂದು ಅವರು ಒಳಮನೆಗೆ ಎದ್ದು ಹೋದರು. ಪರದೆ ನನ್ನೆದುರು ಹಾಗೆಯೇ ಇತ್ತು.

ಅರ್ಧ ನಿಮಿಷವೂ ಆಗಿರಲಿಲ್ಲ. ಗುಡ್ಡದ ಕೆಳಗಿನಿಂದ ಬಿಳಿ ಬಟ್ಟೆಯ ಹೆಣ್ಣು ಓಡುತ್ತ ಬಂದು ಗೂಳಿಯ ಪಕ್ಕದಲ್ಲಿ ನಿಂತಳು. ಮಮ್ಮಿ ಊರಲ್ಲಿಲ್ಲ, ಹಗಲಿನಲ್ಲಿಯೂ ಆಡಬಹುದು. ನೇರಳೆ ಸಾಲು ಮೂಡಿತು. ಈಗ ಓದುವುದು ಕಷ್ಟವಿರಲಿಲ್ಲ.

‘ಅವ್ವ, ಅದೀರೇನು? ಹತ್ತೂ ಲೆಕ್ಕ ಆದುವು. ನಿಮ್ಮ ಜೋಡಿ ಒಂದು ಮಾತು ಮಾತಾಡಬೇಕಿತ್ತು.’

ಅವ್ವ. ನಾನು ಒಂದು ತಿಂಗಳು ಕೂತು ಅವಳ ನಾಲಿಗೆಯಿಂದ ಕಿತ್ತ ಪದ. ಅದು ಎಲ್ಲಿಗೂ ಹೋಗಿರಲಿಲ್ಲ. ಅವಳ ಹತ್ತಿರವೇ ಇತ್ತು, ಕೊಡಲು ಬೇರೆ ಯಾರನ್ನೋ ಹುಡುಕಿಕೊಂಡಿತ್ತು.

‘ಹೇಳು’ ಎಂದು ಬರೆದಿದ್ದರೆ ಆ ಮಾತು ಏನೆಂದು ನನಗೆ ತಿಳಿಯುತ್ತಿತ್ತು. ಈಗಲೂ ಎಷ್ಟೋ ಸಲ ಅದನ್ನೇ ಯೋಚಿಸುತ್ತೇನೆ. ಆದರೆ ಕೇಳಿಸಿಕೊಳ್ಳುವಷ್ಟು ಸಾವಧಾನ ಆಗ ನನ್ನಲ್ಲಿರಲಿಲ್ಲ. ಕುರ್ಚಿ ಎಳೆದುಕೊಂಡು, ಎರಡೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಬರೆದೆ.

‘ಇನ್ನ ನನಗ ಅವ್ವ ಅನಬ್ಯಾಡ. ನಿನ್ನ ಅಳು ಕೇಳಿ ನನಗ ಸಾಕಾಗೈತಿ. ಮತ್ತ ಬರಬ್ಯಾಡ.’

ಒಂದು ಕ್ಷಣ ಬೆರಳು ನಿಂತದ್ದು ನಿಜ. ಕೈತಪ್ಪಿ ಒತ್ತಿದೆ ಎಂದು ಹೇಳಿಕೊಳ್ಳಲಾರೆ. ಓದಿ ನೋಡಿದೆ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡೆ, ಒತ್ತಿದೆ.

ಬಿಳಿ ಹೆಣ್ಣು ನಿಂತಲ್ಲೇ ನಿಂತಿದ್ದಳು. ಅವು ಅಳಲಾರದ, ನಗಲಾರದ ಬೊಂಬೆಗಳು. ಕೋಲು ಹಿಡಿದ ಕೈ ಅದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

‘ನಾ ಏನು ತಪ್ಪು ಮಾಡಿದೆ?’

ಕೈಗಳನ್ನು ಚೀಲದ ಮೇಲೆ ತಂದಿಟ್ಟುಕೊಂಡೆ.

‘ಅವ್ವ?’

ಆಮೇಲೆ, ‘ಆತ್ರಿ.’

ಬಿಳಿ ಹೆಣ್ಣು ಕರಗಿ ಹೋದಳು. ಒಳಗೆ ಲೋಟಗಳ ಸದ್ದಾಯಿತು. ಮೇಜಿನ ಕೆಳಗೆ ಯುಪಿಎಸ್ ಡಬ್ಬಿ, ಅದರ ಕೆಂಪು ಗುಂಡಿ ನನ್ನ ಕಾಲಿಗೆ ತಾಗುವಂತಿತ್ತು. ಚಪ್ಪಲಿಯಿಂದ ಕಾಲು ಹೊರತೆಗೆದು ಹೆಬ್ಬೆರಳಿನಿಂದ ಒತ್ತಿದೆ. ಪರದೆ ಕಪ್ಪಾಯಿತು.

“ಆಫ್ ಆತ್ರಿ ಇದು,” ಎಂದೆ ಅವರು ಬಂದಾಗ.

“ಅದಕ್ಕ ಮುಪ್ಪು ಬಂದೈತಿ, ನನ್ನಂಗ.” ಮೂತಿ ಸೊಟ್ಟ ಮಾಡಿ ಡಬ್ಬಿಗೆ ಒಂದು ಬಡಿದರು. “ಮತ್ತ ಹಚ್ಚಿದ್ರ ಮೊದಲಿಂದ ಬರತೈತಿ, ಹಳೇ ಮಾತೆಲ್ಲ ಅಳಿಸಿರತಾವ. ಇರ್ಲಿ. ತುಂಗೆ ಇವತ್ತ ಹಗಲಿಗೇ ಬರ್ತೀನಿ ಅಂದೈತಿ, ಕಾಯ್ತೈತಿ ಹುಡುಗಿ. ಚಾ ಕುಡೀರಿ.”

ಅರ್ಧ ಲೋಟ ಚಹಾ ಕೆಳಗಿಟ್ಟೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವರು ತೋಳು ಹಿಡಿದು ನಿಲ್ಲಿಸಿದರು.

“ಹೆಸರೇನಂದ್ರಿ?”

“ಸಾಜಿಯಾ.”

“ಮನಿಗಿ ಬಂದ ಹೆಣ್ಮಗಳು ಹಂಗ ಹೋಗಬಾರ್ದು, ಸಾಜಿಯಾ. ಉಡಿ ಒಡ್ಡು.”

ಬೇಡವೆಂದರೆ ಆಗುತ್ತಿರಲಿಲ್ಲ. ಉಡಿ ಬೇಡವೆಂದ ಹೆಂಗಸನ್ನು ನಮ್ಮ ಕಡೆ ಯಾರೂ ನೋಡಿಲ್ಲ. ನಾನು ಸೆರಗು ಒಡ್ಡಿದೆ. ಅವರು ಮೊರದಿಂದ ಒಂದೊಂದೇ ಬೊಗಸೆ ಹಾಕಿದರು. ಎರಡು, ಮೂರು. “ಸಿರುಗುಪ್ಪಿ ಕಡೇ ಅಕ್ಕೀನ. ಹಳೇದು, ಅನ್ನ ಉದುರುದುರು ಆಗತೈತಿ.” ನಾಲ್ಕು. ಐದನೆಯ ಬೊಗಸೆ ಹಾಕುವಾಗ ನನ್ನ ಮುಖ ನೋಡಿದರು. “ಯಾಕವ್ವ, ಕಣ್ಣಾಗ ನೀರು? ತವರು ನೆನಪಾತೇನು? ಇದನ್ನೂ ಒಂದು ತವರು ಅಂತ ತಿಳಕೋ. ಮಗಳನ್ನ ಕರಕೊಂಡು ಬಾ, ಟೈಪಿಂಗ್ ಪುಕ್ಕಟೆ ಕಲಿಸ್ತೀನಿ.”

ಉಡಿ ತುಂಬಿದ ಮನೆಗೆ ಕೇಡು ಬಗೆಯಬಾರದು ಎಂದು ಅವ್ವ ಹೇಳುತ್ತಿದ್ದಳು. ಬಗೆದ ಮೇಲೆ ಉಡಿ ತುಂಬಿದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಬಳ್ಳಾರಿ ಸೇರುವಾಗ ಕತ್ತಲಾಗಿತ್ತು. ಫರ್ಹತ್ ಕೋಣೆಯಲ್ಲಿ ದೀಪ ಹಚ್ಚದೆ ಮಲಗಿದ್ದಳು. ಜ್ವರವೇ ಎಂದು ಕೇಳಿದೆ. ಇಲ್ಲವೆಂದಳು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಎಣ್ಣೆಯ ಬಾಟಲಿ ಹಿಡಿದು ಅಡುಗೆಮನೆಗೆ ಬಂದಳು. “ತಲಿಗೆ ಹಚ್ತೀ ಏನು, ಮಮ್ಮಿ?”

ಎಂಟನೆಯ ತರಗತಿಯ ನಂತರ ಅವಳು ನನಗೆ ತಲೆ ಮುಟ್ಟಗೊಟ್ಟಿರಲಿಲ್ಲ. ನೆಲದ ಮೇಲೆ ಕುಳಿತೆ. ಅವಳು ಮಂಡಿಗೆ ಒರಗಿದಳು, ಆಮೇಲೆ ಮಡಿಲಲ್ಲಿ ಮುಖವಿಟ್ಟಳು. ನಾನು ಬೇಡಿಕೊಂಡದ್ದೆಲ್ಲ ನನ್ನ ಮಡಿಲಲ್ಲೇ ಇತ್ತು. ಬೆರಳು ಕೂದಲೊಳಗೆ ಓಡಾಡಿತು. ಎಷ್ಟೋ ಹೊತ್ತಿನ ಮೇಲೆ, ನಿದ್ರೆಯೋ ಅಳುವೋ ತಿಳಿಯದ ದನಿಯಲ್ಲಿ ಅವಳು “ಅವ್ವ” ಅಂದಳು.

ಓ ಎನ್ನಲು ಬಾಯಿ ತೆರೆದೆ. ಯಾರನ್ನು ಕರೆದಳೋ ಗೊತ್ತಿರಲಿಲ್ಲ. ಬಾಟಲಿ ಎತ್ತಿ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡೆ.

ಗಂಟು ಸಡಿಲಿ ಎರಡೂ ಮನೆಯ ಅಕ್ಕಿ ಚೀಲದಲ್ಲಿ ಬೆರೆತುಹೋಗಿತ್ತು, ಬೇರೆ ಮಾಡುವಂತಿರಲಿಲ್ಲ. ಉಡಿಯಕ್ಕಿಯನ್ನು ಚೆಲ್ಲುವಂತೆಯೂ ಇಲ್ಲ. ಮರುದಿನ ಅನ್ನ ಮಾಡಿದೆ. “ಚಲೋ ಐತಿ, ಎಲ್ಲೀ ಅಕ್ಕಿ?” ಎಂದರು ಅಶ್ಫಾಕ್. “ತವರಿಂದು,” ಎಂದೆ. ಫರ್ಹತ್ ತಲೆಯೆತ್ತದೆ ಉಂಡಳು.

ಆಮೇಲೆ ರಾತ್ರಿ ಎರಡಕ್ಕೆ ಗೋಡೆಯಾಚೆ ಸದ್ದು ಬರಲಿಲ್ಲ. ನನಗೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಆ ನಂಬರಿನ ಮೇಲೆ ಪೆನ್ನಿನಿಂದ ಗೀಚಿ ಗೀಚಿ ಕಾಗದ ಹರಿದಿತ್ತು. ಒಂದು ಫೋನ್ ಮಾಡಿದ್ದರೆ ಎಲ್ಲ ತಿಳಿದುಹೋಗುತ್ತಿತ್ತು. ಅವಳು ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಬೇಡವೆಂದವರ ಬಾಗಿಲಿಗೆ ಮತ್ತೆ ಹೋಗುವ ಜಾತಿಯಲ್ಲ ಅದು, ನನ್ನದೇ ಮಗು.

ಒಳ್ಳೆಯ ಮಗಳಾದಳು. ಹತ್ತಕ್ಕೆ ಮಲಗುತ್ತಿದ್ದಳು, ಕರೆದರೆ ಬರುತ್ತಿದ್ದಳು. ಹೇಳಿದ್ದನ್ನು ಕೇಳುತ್ತಿದ್ದಳು, ಪ್ರಶ್ನೆ ಕೇಳುತ್ತಿರಲಿಲ್ಲ. ಟ್ಯೂಷನ್ ಮೇಷ್ಟರು ಒಮ್ಮೆ ಫೋನ್ ಮಾಡಿ, ಹುಡುಗಿ ಮತ್ತೆ ಹಿಂದಿನ ಬೆಂಚಿಗೆ ಹೋಗಿದ್ದಾಳೆ, ಮನೆಯಲ್ಲಿ ಏನಾದರೂ ಆಯಿತೇ ಎಂದರು. ಏನೂ ಇಲ್ಲ ಎಂದೆ. ಪರೀಕ್ಷೆ ಬಂತು. ಗಣಿತದಲ್ಲಿ ಪಾಸಾದಳು, ಅಷ್ಟೆ. “ಆಟ ಬಿಟ್ಟಾಳ, ಪುಣ್ಯ,” ಎಂದು ಪಕ್ಕದ ಮನೆಯವರ ಮುಂದೆ ನಾನೇ ಹೇಳಿಕೊಂಡೆ.

ಫಲಿತಾಂಶ ಬಂದ ವಾರ, ಒಂದು ಮಧ್ಯಾಹ್ನ ಅವಳು ಅರ್ಜಿ ತರಲು ಹೊರಗೆ ಹೋಗಿದ್ದಳು. ನಾನು ಕಂಪ್ಯೂಟರಿನ ಬಟ್ಟೆ ಸರಿಸಿ ಕುಳಿತೆ. ಪಾಸ್‌ವರ್ಡ್ ನನಗೆ ಗೊತ್ತಿತ್ತು. ಬಾಗಿಲ ಸಂದಿನಿಂದ ಅವಳ ಬೆರಳು ನೋಡಿಯೇ ಕಲಿತಿದ್ದೆ. ಬಿಳಿ ಹೆಣ್ಣು ಅದೇ ಗುಡ್ಡದ ಬುಡದಲ್ಲಿ ಎದ್ದು ನಿಂತಳು. ಮೂಲೆಯಲ್ಲಿ ಒಂದು ಲಕೋಟೆಯ ಚಿತ್ರ ಮಿಣುಕುತ್ತಿತ್ತು. ಒತ್ತಿದೆ.

ಹನ್ನೊಂದು ಪತ್ರ. ಎಲ್ಲವೂ ಕಲ್ಲುಬಸವನವು, ಒಂದೂ ತಪ್ಪಿಲ್ಲದ ಅಕ್ಷರದಲ್ಲಿ. ‘ಯಾಕ ಬರಲಿಲ್ಲ ನಿನ್ನೆ? ಮಷೀನ್ ಕೆಟ್ಟಿತ್ತು, ಸಿಟ್ಟಾದಿ ಏನು?’ ‘ಮೈಯಾಗ ಆರಾಮಿಲ್ಲೇನು?’ ‘ಮಮ್ಮಿ ಬೈದ್ರೇನು? ಬೈದ್ರ ಆಡಬ್ಯಾಡ. ಓದು. ಆದ್ರ ಒಂದು ಮಾತು ಬರದು ಹಾಕು.’ ‘ಪರೀಕ್ಷಾ ಹತ್ರ ಬಂತು. ದಿನಾ ಹತ್ತು ಲೆಕ್ಕ ಬಿಡಬ್ಯಾಡ.’ ಕೊನೆಯದು ನಾಲ್ಕು ದಿನದ ಹಿಂದಿನದು. ‘ಪಾಸಾಗಿರತಿ, ನನಗ ಗೊತ್ತೈತಿ. ನಿನ್ನ ಜಾಗಾದಾಗ ಯಾರನ್ನೂ ನಿಲ್ಲಿಸಿಲ್ಲ. ನಾ ಏನರ ತಪ್ಪು ಮಾಡಿದ್ರ ಹೇಳು, ತಾಯಿ.’

ಇದನ್ನು ಹೀಗೆಯೇ ತೆರೆದಿಟ್ಟು ಎದ್ದು ಹೋದರೆ ಸಾಕಿತ್ತು. ಫರ್ಹತ್ ಬಂದು ನೋಡುತ್ತಿದ್ದಳು. ಓದುತ್ತಿದ್ದಳು, ಅಳುತ್ತಿದ್ದಳು, ಕುರುಗೋಡಿಗೆ ಫೋನ್ ಮಾಡುತ್ತಿದ್ದಳು. ಆ ದಿನ ಆ ಸಾಲು ಬರೆದವರು ಯಾರೆಂದು ಇಬ್ಬರೂ ಕೂಡಿ ಹುಡುಕುತ್ತಿದ್ದರು. ಟೈಪಿಂಗ್ ಕೇಳಲು ಬಂದ ಸಾಜಿಯಾ ಎಂಬ ಹೆಂಗಸು ಅವರಿಗೆ ನೆನಪಾಗುತ್ತಿದ್ದಳು. ಆಮೇಲೆ ಈ ಮಡಿಲಿಗೆ ಯಾರು ಬರುತ್ತಿದ್ದರು?

ಕೊನೆಯ ಪತ್ರವನ್ನು ಇನ್ನೊಮ್ಮೆ ಓದಿದೆ. ಅಳಿಸಲು ಕೈ ಬರಲಿಲ್ಲ, ಬಿಟ್ಟು ಏಳಲೂ ಕಾಲು ಬರಲಿಲ್ಲ. ಗೇಟು ಕಿರ್ರೆಂದಿತು. “ಮಮ್ಮಿ” ಎಂದು ಕೂಗುತ್ತ ಅವಳು ಚಪ್ಪಲಿ ಬಿಡುತ್ತಿದ್ದಳು.

ಕಂಪ್ಯೂಟರ್ ಆರಿಸಿ, ಬಟ್ಟೆ ಹೊದಿಸಿ, ನಾಲ್ಕೂ ಮೂಲೆ ಸರಿಮಾಡಿದೆ. ಕುರುಗೋಡಿಗೆ ಹೋದದ್ದನ್ನು ಗಂಡನಿಗಾಗಲಿ, ಅವ್ವನಿಗಾಗಲಿ, ಇವಳಿಗಂತೂ ಯಾವತ್ತಿಗೂ, ಹೇಳಬಾರದೆಂದು ಅಲ್ಲಿ ನಿಂತೇ ನಿರ್ಧರಿಸಿದೆ. ಆಮೇಲೆ “ಬಂದೆ” ಎಂದು ಓಗೊಟ್ಟು ಬಾಗಿಲ ಕಡೆಗೆ ಹೋದೆ.